ಫಲಕದ ಮೇಲೆ ಹುದ್ದೆಯ ಬದಲು ಕೆಲಸ ಬರೆಸಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಕಳೆದ ವಾರ ನಿಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಒಂದು ಚಿತ್ರ ಅಚ್ಚಾಗಿತ್ತು. ತಂತ್ರಜ್ಞಾನ ಕ್ಷೇತ್ರದ ನಾಯಕರಿಗೆ ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿಯ ಸಮಾರಂಭ. ದೊಡ್ಡ ಹೋಟೆಲೊಂದರ ವೇದಿಕೆಯ ಮೇಲೆ 14 ಮಂದಿ ಸಾಲಾಗಿ ನಿಂತಿದ್ದಾರೆ, ಪ್ರತಿಯೊಬ್ಬರ ಕೈಯಲ್ಲೂ ಒಂದಡಿ ಎತ್ತರದ ಗಾಜಿನ ಟ್ರೋಫಿ. ಎಡದಿಂದ ಐದನೆಯವರು ಅದನ್ನು ಹಿಂದುಮುಂದಾಗಿ ಹಿಡಿದಿದ್ದಾರೆ. ಇದನ್ನು ಗಮನಿಸಿದ ಓದುಗ ಬಹುಶಃ ನಾನೊಬ್ಬನೇ. ಆ 14 ಟ್ರೋಫಿಗಳ ಮೇಲಿನ ಅಕ್ಷರ ಕೆತ್ತಿದವನು ನಾನು.

ವರದಿಯಲ್ಲಿ ತಪ್ಪು ಹುಡುಕಲು ಈ ಪತ್ರ ಬರೆಯುತ್ತಿಲ್ಲ. ಹೆಸರುಗಳು ಸರಿಯಾಗಿವೆ, ಹುದ್ದೆಗಳು ಸರಿಯಾಗಿವೆ, ಮುಖ್ಯ ಅತಿಥಿಗಳ ಭಾಷಣದ ನಾಲ್ಕು ಸಾಲೂ ಇವೆ. ಆ 14 ಮಂದಿ ಏನು ಮಾಡಿದ್ದಕ್ಕೆ ಪ್ರಶಸ್ತಿ ಬಂತು ಎಂಬುದೊಂದು ಇಲ್ಲ. ನಿಮ್ಮ ವರದಿಗಾರರನ್ನು ದೂರುವ ಹಾಗಿಲ್ಲ. ಟ್ರೋಫಿಯ ಮೇಲೂ ಅದು ಇರಲಿಲ್ಲ, ನನಗೆ ಬಂದ ಪಠ್ಯದಲ್ಲೂ ಇರಲಿಲ್ಲ. ಇಲ್ಲದ್ದನ್ನು ನಾನು ಕೆತ್ತುವುದು ಹೇಗೆ, ಅವರು ಬರೆಯುವುದು ಹೇಗೆ?

ನನ್ನ ಬಗ್ಗೆ ಒಂದಿಷ್ಟು ಹೇಳದೆ ಈ ಮಾತು ಮುಂದೆ ಹೋಗುವುದಿಲ್ಲ. 1979ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಗೆ ಸೇರಿದವನು ನಾನು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಕಾರ್ಖಾನೆ ಅದು. ನಾನಿದ್ದದ್ದು ಡಯಲ್ ವಿಭಾಗದಲ್ಲಿ. ಒಂದು ಕೂದಲೆಳೆಯಷ್ಟು ಅಕ್ಷರ ಆಚೀಚೆಯಾದರೆ ಡಯಲ್ ಬುಟ್ಟಿಗೆ ಹೋಗುತ್ತಿತ್ತು. ಆ ಕಣ್ಣು ಇಂದಿಗೂ ನನ್ನನ್ನು ಬಿಟ್ಟಿಲ್ಲ, ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಅಕ್ಷರಗಳ ನಡುವಿನ ಅಂತರ ನೋಡುತ್ತೇನೆ. 2000ದಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಬಂದ ಹಣದಲ್ಲಿ ಹಳೆಯದೊಂದು ಪ್ಯಾಂಟೋಗ್ರಾಫ್ ಯಂತ್ರ ಕೊಂಡು ನಗರ್ತಪೇಟೆಯ ಓಣಿಯಲ್ಲಿ ಎಂಟು ಅಡಿಗೆ ಹತ್ತು ಅಡಿಯ ಅಂಗಡಿ ಹಾಕಿದೆ. ಆ ಯಂತ್ರದ ಒಂದು ತೋಳನ್ನು ಅಚ್ಚಿನ ದೊಡ್ಡ ಅಕ್ಷರದ ಗೆರೆಯೊಳಗೆ ಓಡಿಸಿದರೆ ಇನ್ನೊಂದು ತೋಳಿನ ಮೊನೆ ಅದೇ ಅಕ್ಷರವನ್ನು ಚಿಕ್ಕದು ಮಾಡಿ ಹಿತ್ತಾಳೆ ತಗಡಿನ ಮೇಲೆ ಕೊರೆಯುತ್ತದೆ. ಇಂಗ್ಲಿಷ್ ಅಚ್ಚುಗಳು ಯಂತ್ರದ ಜೊತೆಗೇ ಬಂದವು. ಕನ್ನಡದ ಅಚ್ಚುಗಳನ್ನು ರಾತ್ರಿ ಕುಳಿತು ನಾನೇ ಮಾಡಿಕೊಂಡೆ. ಒತ್ತಕ್ಷರಗಳಿಗೆ ಬೇರೆ ಡಬ್ಬಿ. ಈಗ ಲೇಸರ್ ಯಂತ್ರ ಬಂದಿದೆ, ಪ್ಯಾಂಟೋಗ್ರಾಫಿನ ಮೇಲೆ ನಮ್ಮ ಹುಡುಗ ಊಟದ ಡಬ್ಬಿ ಇಡುತ್ತಾನೆ.

ಮೊದಲ ವರ್ಷಗಳಲ್ಲಿ ಟ್ರೋಫಿ ಕಡಿಮೆ, ಯಂತ್ರಗಳ ಮುಂಭಾಗದ ಫಲಕ ಹೆಚ್ಚು. ಪೀಣ್ಯ, ರಾಜಾಜಿನಗರದ ಸಣ್ಣ ಸಣ್ಣ ಎಲೆಕ್ಟ್ರಾನಿಕ್ಸ್ ಘಟಕದವರು ಕಪ್ಪು ಹಾಳೆಯ ಮೇಲೆ ಆನ್, ಆಫ್, ಫ್ಯೂಸ್ ಎಂದು ಕೆತ್ತಿಸಿಕೊಂಡು ಹೋಗುತ್ತಿದ್ದರು. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್.ಪಿ. ರಸ್ತೆ ಎರಡು ಹೆಜ್ಜೆಯಾಚೆ ಇದ್ದುದರಿಂದ ಎಂಜಿನಿಯರಿಂಗ್ ಓದುವ ಮಕ್ಕಳೂ ಬರುತ್ತಿದ್ದರು. ಹಿತ್ತಾಳೆಯಲ್ಲಿ ಅಕ್ಷರ ತಿನ್ನಿಸಲು ನಾನು ಬಳಸುವ ಫೆರಿಕ್ ಕ್ಲೋರೈಡ್ ದ್ರಾವಣವೇ ಅವರ ಸರ್ಕ್ಯೂಟ್ ಬೋರ್ಡಿನ ತಾಮ್ರವನ್ನೂ ತಿನ್ನುತ್ತದೆ. ‘ಅಂಕಲ್, ಐದು ನಿಮಿಷ ನಿಮ್ಮ ತೊಟ್ಟಿಯಲ್ಲಿ ಅದ್ದಿಕೊಳ್ಳಲೇ’ ಎಂದು ಕೇಳಿ, ಅಂಗಿಗೆ ಹಳದಿ ಕಲೆ ಅಂಟಿಸಿಕೊಂಡು ಹೋದವರು ಎಷ್ಟೋ ಮಂದಿ. ತಂತ್ರಜ್ಞಾನದ ಊರು ಎಂದು ಬೆಂಗಳೂರನ್ನು ಕರೆಯುವುದು ಕೇಳಿದಾಗಲೆಲ್ಲ ನನಗೆ ಆ ಕಲೆಗಳೇ ಕಣ್ಣಿಗೆ ಬರುತ್ತವೆ.

ನಮ್ಮ ಕಸುಬಿನಲ್ಲಿ ಲೆಕ್ಕ ಅಕ್ಷರಕ್ಕೆ. ಇಷ್ಟು ಅಕ್ಷರಕ್ಕೆ ಇಷ್ಟು ಹಣ. ಲೇಸರ್ ಬಂದ ಮೇಲೆ ಆ ಲೆಕ್ಕ ಹೋಯಿತು, ಆದರೆ ಎಣಿಸುವ ಚಟ ಹೋಗಲಿಲ್ಲ. ನಾಲ್ಕು ಅಂಗುಲಕ್ಕೆ ಎರಡೂವರೆ ಅಂಗುಲದ ತಗಡಿನಲ್ಲಿ ಓದುವ ಹಾಗೆ ಐದು ಸಾಲು ಕೂರುತ್ತದೆ. ತಂತ್ರಜ್ಞಾನ ಪ್ರಶಸ್ತಿಗಳ ಆರ್ಡರಿನಲ್ಲಿ ಮೊದಲ ಸಾಲು ಪ್ರಶಸ್ತಿಯ ಹೆಸರಿಗೆ, ಎರಡನೆಯದು ವ್ಯಕ್ತಿಯ ಹೆಸರಿಗೆ. ಮೂರು ಮತ್ತು ನಾಲ್ಕನೆಯ ಸಾಲನ್ನು ಹುದ್ದೆ ನುಂಗುತ್ತದೆ: ಸಂಸ್ಥಾಪಕರು, ಅಧ್ಯಕ್ಷರು ಹಾಗೂ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಅದರ ಬಾಲಕ್ಕೆ ಅವರ ಕಾರ್ಯವ್ಯಾಪ್ತಿಗೆ ಬರುವ ಖಂಡಗಳ ಹೆಸರು. ಐದನೆಯ ಸಾಲಿಗೆ ಬರುವ ಹೊತ್ತಿಗೆ ಜಾಗ ಮುಗಿದಿರುತ್ತದೆ. ಅಲ್ಲಿ ಇಂಗ್ಲಿಷಿನಲ್ಲಿ ಒಂದು ಹಾರೈಕೆಯಂಥ ಮಾತು. ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಉದ್ಯಮದ ನಾಳೆಯನ್ನು ರೂಪಿಸುತ್ತಿರುವ ದೂರದೃಷ್ಟಿಯ ನಾಯಕತ್ವಕ್ಕಾಗಿ’. ಈ ವರ್ಷ 14 ಟ್ರೋಫಿಗಳಿಗೂ ಅದೇ ಸಾಲು. ಲೇಸರ್ ಯಂತ್ರಕ್ಕೆ ಸುಖ, ಹೆಸರು ಮಾತ್ರ ಬದಲಾಯಿಸುತ್ತ ಹೋದರಾಯಿತು.

ಸಮಾರಂಭ ನಡೆಸಿಕೊಡುವ ಕಂಪನಿಯಿಂದ ಬಂದಿದ್ದ ಹುಡುಗಿಯನ್ನು ಕೇಳಿದೆ: ‘ಅಮ್ಮಾ, ಇವರೆಲ್ಲ ಏನು ಮಾಡಿದ್ದಾರೆ ಎಂದು ಎಲ್ಲೂ ಇಲ್ಲವಲ್ಲ?’

‘ಅದು ಎಲ್ಲರಿಗೂ ಗೊತ್ತಿರುತ್ತದೆ ಅಂಕಲ್.’

‘ನಿನಗೆ ಗೊತ್ತೇ?’

ಅವಳು ನಕ್ಕಳು. ಒಳ್ಳೆಯ ಹುಡುಗಿ, ಮಾರನೆಯ ದಿನ ಪ್ರೂಫ್ ನೋಡಲು ಬಂದಾಗ ನನಗೂ ಹುಡುಗನಿಗೂ ಎರಡು ಕಾಫಿ ಹಿಡಿದು ಬಂದಳು. ಅವಳಿಗೆ ಬಂದ ಪಟ್ಟಿಯಲ್ಲೂ ಅಷ್ಟೇ ಇತ್ತು.

ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಏಳೆಂಟು ವರ್ಷದ ಹಿಂದಿನ ಮಾತು. ಆಗಿನ ಟ್ರೋಫಿಗೆ ಎರಡು ತಗಡು: ಮೇಲೆ ಹೆಸರು, ಕೆಳಗೆ ಬೇರೆ ತಗಡಿನಲ್ಲಿ ಪ್ರಶಂಸೆ. ಆ ವರ್ಷ ಯಾರೋ ಶ್ರಮವಹಿಸಿ ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು ಬರೆದಿದ್ದರು. ಆಸ್ಪತ್ರೆಗಳಿಗೆ ತಂತ್ರಾಂಶ ಮಾಡುವ ಕಂಪನಿಯವರೊಬ್ಬರಿಗೆ ‘ಬದಲಾವಣೆಗೆ ಧೈರ್ಯದಿಂದ ಚಾಲನೆ ನೀಡಿದ್ದಕ್ಕಾಗಿ’, ಬ್ಯಾಂಕುಗಳ ದತ್ತಾಂಶ ಕಾಯುವ ಕಂಪನಿಯವರೊಬ್ಬರಿಗೆ ‘ನಾಳೆಯನ್ನು ಇಂದೇ ಕಂಡಿದ್ದಕ್ಕಾಗಿ’. ಅಂಟಿಸುವಾಗ ಕೆಳಗಿನ ತಗಡುಗಳು ಅದಲುಬದಲಾದವು. ಹುಡುಗ ಅಂಟಿಸಿದ, ನಾನು ನೋಡದೆ ಡಬ್ಬಿ ಮುಚ್ಚಿದೆ. ಮಾರನೆಯ ಬೆಳಿಗ್ಗೆ ಕಡತ ತೆರೆದಾಗ ತಿಳಿಯಿತು. ಎದೆ ಧಸಕ್ಕೆಂದಿತು. ಡಯಲ್ ವಿಭಾಗದಲ್ಲಾಗಿದ್ದರೆ ಮೆಮೊ ಗ್ಯಾರಂಟಿ. ಎರಡು ತಿಂಗಳು ಫೋನ್ ಮೊಳಗಿದಾಗಲೆಲ್ಲ ಇದೇ ವಿಚಾರ ಇರಬೇಕು ಎಂದುಕೊಂಡು ಎತ್ತುತ್ತಿದ್ದೆ. ಯಾರೂ ಕೇಳಲಿಲ್ಲ.

ಒಂದೂವರೆ ವರ್ಷದ ಮೇಲೆ ಆ ಇಬ್ಬರಲ್ಲಿ ಒಬ್ಬರ ಕಚೇರಿಯಿಂದ ಕರೆ ಬಂತು. ಕಚೇರಿ ಬೇರೆ ಕಟ್ಟಡಕ್ಕೆ ಸಾಗಿಸುವಾಗ ಟ್ರೋಫಿ ಒಡೆದಿದೆ, ಅಂಥದ್ದೇ ಇನ್ನೊಂದು ಬೇಕು, ಹಳೆಯದರ ಫೋಟೊ ಕಳುಹಿಸುತ್ತೇವೆ ಎಂದರು. ಫೋಟೊದಲ್ಲಿ ಅದೇ ತಪ್ಪು ತಗಡು. ‘ಬರಹ ಹೀಗೆಯೇ ಇರಲೇ? ಏನಾದರೂ ತಿದ್ದುಪಡಿ ಇದೆಯೇ?’ ಎಂದು ಎರಡು ಸಲ ಕೇಳಿದೆ. ‘ಒಂದಕ್ಷರವೂ ಬದಲಾಗಬಾರದು, ನಮ್ಮ ಸಾಹೇಬರು ತುಂಬಾ ಖಡಕ್’ ಎಂದರು. ಹಾಗೆಯೇ ಮಾಡಿಕೊಟ್ಟೆ, ಹಣವನ್ನೂ ತೆಗೆದುಕೊಂಡೆ. ನಾಳೆಯನ್ನು ಇಂದೇ ಕಂಡವರು ಯಾರು, ಚಾಲನೆ ನೀಡಿದವರು ಯಾರು ಎಂಬುದು ಆ ಎರಡು ಕಚೇರಿಗಳಿಗೂ ಇಂದಿಗೂ ತಿಳಿಯದು. ಆ ಸಾಲುಗಳಲ್ಲಿ ಯಾರದೇ ಕೆಲಸದ ಗುರುತು ಒಂದಿಷ್ಟು ಇದ್ದಿದ್ದರೆ ನಾನು ಅಂದೇ ಸಿಕ್ಕಿಬೀಳುತ್ತಿದ್ದೆ. ಹಾಗೆ ಸಿಕ್ಕಿಬಿದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಹಿಂದೆ ಬಿನ್ನವತ್ತಳೆ ಎಂಬ ಪದ್ಧತಿ ಇತ್ತು. ಸನ್ಮಾನ ಸ್ವೀಕರಿಸುವವರು ಕುಳಿತಿರುವಂತೆಯೇ ಅವರು ಮಾಡಿದ್ದನ್ನೆಲ್ಲ ಸಭೆಗೆ ಓದಿ ಹೇಳಿ, ಕಟ್ಟು ಹಾಕಿಸಿ ಕೈಗೆ ಕೊಡುತ್ತಿದ್ದರು. ಅದರಲ್ಲಿ ಉಪ್ಪು ಖಾರ ಸ್ವಲ್ಪ ಹೆಚ್ಚೇ ಇರುತ್ತಿತ್ತು, ನಿಜ. ಆದರೆ ಯಾವ ಶಾಲೆ ಕಟ್ಟಿಸಿದರು, ಯಾವ ಕೆರೆಯ ಹೂಳೆತ್ತಿಸಿದರು ಎಂಬುದು ಹೊಗಳಿಕೆಯ ನಡುವೆ ಎಲ್ಲೋ ಒಂದು ಕಡೆ ಸಿಕ್ಕುತ್ತಿತ್ತು. ನಮ್ಮ ಕಾರ್ಖಾನೆಯಲ್ಲಿ ಅದಕ್ಕಿಂತಲೂ ಅಚ್ಚುಕಟ್ಟು. ನಿವೃತ್ತರಾಗುವವರಿಗೆ ಗೆಳೆಯರು ದುಡ್ಡು ಕೂಡಿಸಿ ಗಡಿಯಾರ ಕೊಡುವಾಗ ಅದರ ಹಿಂಬದಿಯ ಮುಚ್ಚಳದ ಮೇಲೆ ಹೆಸರು ಕೊರೆಸುತ್ತಿದ್ದರು. ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಜಾಗ. ಅದರಲ್ಲೇ ಹೆಸರು, ‘ಹೇರ್‌ಸ್ಪ್ರಿಂಗ್, 31 ವರ್ಷ’. ಅಷ್ಟೇ. ಓದಿದವನಿಗೆ ತಿಳಿಯುತ್ತಿತ್ತು: ಈ ಹೆಣ್ಣುಮಗಳು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು 31 ವರ್ಷ ಕೂದಲಿನಂಥ ಸ್ಪ್ರಿಂಗು ಕೂರಿಸಿದ್ದಾಳೆ. ನಾಣ್ಯದಷ್ಟು ಜಾಗದಲ್ಲಿ ಹಿಡಿದ ಮಾತು ಒಂದಡಿ ಗಾಜಿನಲ್ಲಿ ಹಿಡಿಯುತ್ತಿಲ್ಲ.

ನವೆಂಬರ್ ನಮಗೆ ಸುಗ್ಗಿಯ ತಿಂಗಳು. ಒಂದು ಕಡೆ ತಂತ್ರಜ್ಞಾನದವರ ಇಂಗ್ಲಿಷ್ ಟ್ರೋಫಿ, ಇನ್ನೊಂದು ಕಡೆ ಬಡಾವಣೆಯ ಕನ್ನಡ ಸಂಘಗಳ ರಾಜ್ಯೋತ್ಸವದ ನೆನಪಿನ ಕಾಣಿಕೆ. ಕನ್ನಡದವರು ಈ ವಿಚಾರದಲ್ಲಿ ಮೇಲು ಎಂದು ಹೇಳಿಕೊಳ್ಳುವ ಆಸೆ ನನಗೂ ಇತ್ತು. ಆಗುವುದಿಲ್ಲ. ‘ಸಮಾಜ ಸೇವಾ ಧುರೀಣರು’ ಎಂಬ ಪದವನ್ನು ಎಷ್ಟು ಸಲ ಕೆತ್ತಿದ್ದೇನೆಂದರೆ ಲೇಸರ್ ಯಂತ್ರದಲ್ಲಿ ಅದಕ್ಕೊಂದು ಪ್ರತ್ಯೇಕ ಕಡತವೇ ಇದೆ.

ಆದರೆ ಒಂದು ಕನ್ನಡ ಫಲಕ ನನ್ನ ತಲೆಯಿಂದ ಹೋಗಿಲ್ಲ. ನಾಲ್ಕೈದು ವರ್ಷದ ಹಿಂದೆ ಮಳೆಗಾಲದಲ್ಲಿ ಮೂವರು ವಯಸ್ಸಾದವರು ಒಂದೇ ಕೊಡೆಯಲ್ಲಿ ಬಂದರು. ದೂರವಾಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಜೊತೆಗಿದ್ದ ಕೇಬಲ್ ಜಾಯಿಂಟರ್ ಒಬ್ಬರಿಗೆ ಎಪ್ಪತ್ತೈದು ತುಂಬುತ್ತಿತ್ತು. ಚಿಕ್ಕ ಹಿತ್ತಾಳೆ ಫಲಕ ಸಾಕು ಎಂದರು. ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ ಪಠ್ಯ ಇದು: ‘ಮಲ್ಲೇಶ್ವರದ ರಸ್ತೆಗುಂಡಿಯಲ್ಲಿ ಮೂರು ರಾತ್ರಿ ಕುಳಿತು 800 ಜೋಡಿ ತಂತಿ ಬೆಸೆದು ಆಸ್ಪತ್ರೆಯ ಫೋನುಗಳಿಗೆ ಜೀವ ಕೊಟ್ಟವರಿಗೆ, ಕೆಳಗೆ ನೀರು ಮೊಗೆದವರಿಂದ’. ನೀರು ಮೊಗೆದವರು ಈ ಮೂವರು. ಒಂದು ಜೋಡಿಗೆ ಎರಡು ತಂತಿ, 800 ಜೋಡಿ ಎಂದರೆ 1,600 ತಂತಿ, ಒಂದೊಂದನ್ನೂ ಬಣ್ಣ ನೋಡಿ ಅದರದೇ ಜೊತೆಗೆ ಸೇರಿಸಬೇಕು, ಟಾರ್ಚಿನ ಬೆಳಕಿನಲ್ಲಿ. ಹಸಿರು ತಂತಿಗೆ ಕಂದು ಸೇರಿದರೆ ಯಾರದೋ ಮನೆಯ ಕರೆ ಇನ್ಯಾರದೋ ಮನೆಯಲ್ಲಿ ಮೊಳಗುತ್ತದೆ ಎಂದು ಅವರಲ್ಲೊಬ್ಬರು ವಿವರಿಸಿದರು. ನನ್ನ ಅದಲುಬದಲಾದ ತಗಡು ನೆನಪಾಗಿ ಸುಮ್ಮನಾದೆ.

ಅಂಗಡಿಯಲ್ಲೇ ಅವರು ಆ ಪಠ್ಯವನ್ನು ವಾಟ್ಸ್‌ಆ್ಯಪಿನಲ್ಲೂ ಕಳುಹಿಸಿದರು. ನನ್ನ ವಿನ್ಯಾಸದ ತಂತ್ರಾಂಶ ಹಳೆಯದು, ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರಗಳು ಕಳಚಿ ಬೀಳುತ್ತವೆ. ‘ರಸ್ತೆ’ಯ ತಕಾರ ಸಕಾರದ ಕೆಳಗೆ ನಿಲ್ಲದೆ ಪಕ್ಕಕ್ಕೆ ಬಂದು ಕೂರುತ್ತದೆ. ಆದ್ದರಿಂದ ‘ನುಡಿ’ ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶದಲ್ಲಿ ಮತ್ತೆ ಬೆರಳಚ್ಚು ಮಾಡಿಕೊಂಡೆ. ಒತ್ತು ಬೇಕಾದಲ್ಲಿ ಎಫ್ ಕೀಲಿ, ಟಕಾರಕ್ಕೆ ಕ್ಯೂ, ಡಕಾರಕ್ಕೆ ಡಬ್ಲ್ಯೂ. ಕಣ್ಣು ಮುಚ್ಚಿಕೊಂಡು ಹೊಡೆಯುತ್ತೇನೆ. ಈ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು, ಕರ್ನಾಟಕ ಸರ್ಕಾರ ಅದನ್ನೇ ಅಧಿಕೃತ ಎಂದು ಒಪ್ಪಿಕೊಂಡಿದೆ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿಯಲ್ಲಿರುವುದೂ ಅದೇ. ರಾವ್ ಅವರಿಗೊಂದು ಫಲಕ ಮಾಡಬೇಕೆಂದರೆ ಐದನೆಯ ಸಾಲಿಗೆ ಯಾರೂ ತಲೆ ಕೆರೆದುಕೊಳ್ಳಬೇಕಾಗಿಲ್ಲ: ‘ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲಿ ಇಡೀ ಕನ್ನಡವನ್ನು ಕೂರಿಸಿದವರಿಗೆ’. ಹುದ್ದೆ ಬರೆಯಲು ಜಾಗ ಉಳಿದರೂ ಬರೆಯಬೇಕೆನಿಸುವುದಿಲ್ಲ.

ಈ ವಿಚಾರವನ್ನು ಮನೆಯಲ್ಲಿ ಊಟದ ಹೊತ್ತಿಗೆ ಆಡಿದೆ. ಮಗಳು ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ತಂತ್ರಾಂಶ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ‘ಅಪ್ಪಾ, ಎಲ್ಲ ಕಡೆ ಹೀಗಿರುವುದಿಲ್ಲ’ ಎಂದು ಟ್ಯೂರಿಂಗ್ ಪ್ರಶಸ್ತಿಯ ಪಟ್ಟಿ ತೋರಿಸಿದಳು. ಅಮೆರಿಕದ ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮೆಷಿನರಿ ಎಂಬ ಸಂಸ್ಥೆ 1966ರಿಂದ ಕೊಡುತ್ತ ಬಂದಿರುವ ಪ್ರಶಸ್ತಿ, ಈಗ ಅದರ ಜೊತೆಗೆ 10 ಲಕ್ಷ ಡಾಲರ್. ಹಣದ ಮಾತು ಬಿಡಿ, ನಾನು ನೋಡಿದ್ದು ಸಾಲುಗಳನ್ನು. 1983ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ: ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಮಾಡಿದ್ದಕ್ಕಾಗಿ. 2016ರಲ್ಲಿ ಟಿಮ್ ಬರ್ನರ್ಸ್ ಲೀ: ವರ್ಲ್ಡ್ ವೈಡ್ ವೆಬ್ಬನ್ನೂ ಅದನ್ನು ನೋಡುವ ಮೊದಲ ಬ್ರೌಸರನ್ನೂ ಕಂಡುಹಿಡಿದಿದ್ದಕ್ಕಾಗಿ. 1994ರಲ್ಲಿ ನಮ್ಮ ಪಕ್ಕದ ಆಂಧ್ರದ ಕಾಟೂರಿನಲ್ಲಿ ಹುಟ್ಟಿದ ರಾಜ್ ರೆಡ್ಡಿ, ಎಡ್ವರ್ಡ್ ಫೈಗನ್‌ಬಾಮ್ ಜೊತೆಗೆ: ದೊಡ್ಡ ಪ್ರಮಾಣದ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳನ್ನು ಮೊದಲಿಗರಾಗಿ ವಿನ್ಯಾಸ ಮಾಡಿ ಕಟ್ಟಿದ್ದಕ್ಕಾಗಿ. 1994ರಲ್ಲಿ ಎಂಬುದನ್ನು ಗಮನಿಸಿ. ಆಗ ನಮ್ಮ ಓಣಿಯಲ್ಲಿ ಕಂಪ್ಯೂಟರ್ ನೋಡಿದವರೇ ಕಡಿಮೆ. ಯಾವ ಸಾಲಿನಲ್ಲೂ ಹುದ್ದೆ ಇಲ್ಲ. ಅಲ್ಲಿಯೂ ಎಲ್ಲ ಸರಿಯಿದೆ ಎಂದಲ್ಲ. ಮೊದಲ ಹೆಂಗಸಿಗೆ ಆ ಪ್ರಶಸ್ತಿ ಸಿಕ್ಕಿದ್ದು 2006ರಲ್ಲಿ, ಫ್ರಾನ್ಸಿಸ್ ಅಲೆನ್ ಅವರಿಗೆ. 40 ವರ್ಷ ಬೇಕಾಯಿತು. ಮಗಳು ಇದನ್ನು ಪಟ್ಟಿ ತೋರಿಸುವ ಮೊದಲೇ ಹೇಳಿದಳು.

ಅದು ವಿಜ್ಞಾನಿಗಳ ಪ್ರಶಸ್ತಿ, ಇದು ಉದ್ಯಮದ ನಾಯಕರ ಪ್ರಶಸ್ತಿ, ನಾಯಕತ್ವವನ್ನು ಒಂದು ಸಾಲಿನಲ್ಲಿ ಹೇಳಲಾಗುವುದಿಲ್ಲ ಎಂದು ಯಾರಾದರೂ ಹೇಳಬಹುದು. ನಮ್ಮ ಅಳಿಯ ಹೇಳಿಯೂ ಬಿಟ್ಟರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಆರ್.ಕೆ. ಬಾಳಿಗ ಅವರು ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಮುಖ್ಯಸ್ಥರಾಗಿದ್ದರು, ಅಂದರೆ ನಾಯಕರೇ. ಅವರ ಫಲಕ: ‘ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ನೆಲದಲ್ಲಿ 1978ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಬುನಾದಿ ಹಾಕಿದವರಿಗೆ’. ಎರಡು ಸಾಲಿನಲ್ಲಿ ಆರಾಮಾಗಿ ಕೂರುತ್ತದೆ, ಎಣಿಸಿ ನೋಡಿದ್ದೇನೆ. ಸುಮಾರು 332 ಎಕರೆ ಎಂದು ಸೇರಿಸಿದರೂ ಜಾಗ ಇದೆ. ನೆಲ ಬಿಟ್ಟುಕೊಟ್ಟ ರೈತರಿಗೆ ಇನ್ನೊಂದು ಫಲಕ ಬೇಕಾಗುತ್ತದೆ, ಆ ಮಾತು ಇನ್ನೊಂದು ಪತ್ರಕ್ಕಿರಲಿ. ಮಾಡಿದ್ದು ಇದ್ದರೆ ಸಾಲು ತಾನಾಗಿ ಬರುತ್ತದೆ. ಬರದಿದ್ದರೆ ಆಯ್ಕೆ ಸಮಿತಿಯವರು ಕಾಫಿ ಕುಡಿದು ಇನ್ನೊಮ್ಮೆ ಕುಳಿತುಕೊಳ್ಳುವುದು ಒಳ್ಳೆಯದು.

ನನ್ನ ಹೆಂಡತಿಯ ತವರು ಬೆಳಗಾವಿ ಜಿಲ್ಲೆಯ ಕಿತ್ತೂರಿನ ಪಕ್ಕದ ಹಳ್ಳಿ. ನಾವು ಮದುವೆಯಾದ ಹೊಸದರಲ್ಲಿ ಅಲ್ಲಿಗೆ ಸುದ್ದಿ ಮುಟ್ಟಿಸಬೇಕೆಂದರೆ ಕಾಗದ, ಅವಸರವಿದ್ದರೆ ತಂತಿ. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕುಳಿತು ಹಾಗೆಯೇ ವಾಪಸ್ಸು ಬಂದದ್ದೂ ಉಂಟು. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ತಯಾರಿಸಿದ 128 ಲೈನಿನ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವನ್ನು ದೇಶದಲ್ಲೇ ಮೊದಲಿಗೆ ಕೂರಿಸಿದ್ದು ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ಅದರ ವಿಶೇಷ ಏನೆಂದರೆ ಎ.ಸಿ. ಬೇಕಾಗಿರಲಿಲ್ಲ. ಹೊರದೇಶದಿಂದ ಬರುತ್ತಿದ್ದ ಯಂತ್ರಗಳಿಗೆ ತಣ್ಣನೆಯ ಕೋಣೆ ಬೇಕು. ನಮ್ಮ ಹಳ್ಳಿಗಳ ಬಿಸಿಲು, ಧೂಳು, ಹೋಗಿ ಬರುವ ವಿದ್ಯುತ್ತು ಇವುಗಳ ನಡುವೆಯೇ ನಡೆಯಬೇಕು ಎಂದುಕೊಂಡು ಇದನ್ನು ಮಾಡಿದ್ದರು. ಸಿ-ಡಾಟ್ ಕಟ್ಟಿದ ಸ್ಯಾಮ್ ಪಿತ್ರೋಡಾ ಅವರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕು ಕೂಡ. ಆದರೆ ಆ ಪೆಟ್ಟಿಗೆಯೊಳಗೆ ಬಿಸಿ ನಿಲ್ಲದ ಹಾಗೆ ಬೋರ್ಡುಗಳನ್ನು ಜೋಡಿಸಿದ ಎಂಜಿನಿಯರ್ ಯಾರೋ ಒಬ್ಬರು ಇದ್ದಿರಲೇಬೇಕಲ್ಲ? ನನ್ನ ಹೆಂಡತಿ ಮಲ್ಲೇಶ್ವರದ ಬೂತಿನಿಂದ ಮೊದಲ ಸಲ ಅಲ್ಲಿನ ಅಂಗಡಿಗೆ ಫೋನ್ ಮಾಡಿ ಅವಳ ಅವ್ವನನ್ನು ಕರೆಸಿದಾಗ, ಆ ಕಡೆಯಿಂದ ‘ಯಾರವಾ?’ ಎಂಬ ದನಿ ಕೇಳಿದ ಮೇಲೆ ಇವಳಿಗೆ ಮಾತೇ ಹೊರಡಲಿಲ್ಲ. ಮೀಟರ್ ಓಡುತ್ತಿತ್ತು, ನಾನು ಚಿಲ್ಲರೆ ಎಣಿಸುತ್ತ ನಿಂತಿದ್ದೆ. ಆ ಎಂಜಿನಿಯರ್ ಸಿಕ್ಕರೆ ನನ್ನ ಖರ್ಚಿನಲ್ಲೇ ಒಂದು ಫಲಕ ಮಾಡಿಕೊಡುತ್ತೇನೆ: ‘ಎ.ಸಿ. ಇಲ್ಲದೆ ಫೋನು ಮಾತನಾಡುವಂತೆ ಮಾಡಿದವರಿಗೆ’.

ಇನ್ನೊಂದು ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದರ ಬಗ್ಗೆ ಹೆಚ್ಚು ಹೇಳಿದರೆ ನನಗೆ ಆರ್ಡರ್ ಬರುವುದಿಲ್ಲ. ಸಮಾರಂಭದ ಹಿಂಬದಿಯ ಪರದೆಯನ್ನು ಮುದ್ರಿಸುವವರು ನಮ್ಮ ಎದುರಿನ ಅಂಗಡಿಯವರು. ಪರದೆಯ ಮೇಲೆ ಬರುವ ಪ್ರಾಯೋಜಕರ ಲಾಂಛನಗಳನ್ನೂ ನನ್ನ ಟ್ರೋಫಿಗಳ ಮೇಲಿನ ಕಂಪನಿಗಳ ಹೆಸರುಗಳನ್ನೂ ನಾವಿಬ್ಬರೂ ಸಂಜೆ ಚಹಾದ ಹೊತ್ತಿಗೆ ಹೋಲಿಸಿ ನೋಡುವುದುಂಟು. ಹೋಲಿಕೆ ಇರುತ್ತದೆ. ಹಣ ಕೊಟ್ಟು ಕೊಳ್ಳುತ್ತಾರೆ ಎಂದು ನಾನು ಹೇಳುವುದಿಲ್ಲ, ನಾನು ನೋಡಿಲ್ಲ. ಆದರೆ ಐದನೆಯ ಸಾಲಿನಲ್ಲಿ ಕೆಲಸ ಬರೆದಿದ್ದರೆ ಅಂಥ ಅನುಮಾನ ನಮ್ಮ ಚಹಾದ ಲೋಟಕ್ಕೆ ಬೀಳುತ್ತಲೇ ಇರಲಿಲ್ಲ.

ಹೋದ ತಿಂಗಳು ಒಂದು ಟ್ರೋಫಿಯಲ್ಲಿ ಹೆಸರಿನ ಸ್ಪೆಲಿಂಗ್ ತಪ್ಪಾಗಿ ಬಂದಿತ್ತು. ತಪ್ಪು ಅವರ ಪಟ್ಟಿಯದು, ಹೊಸದು ಮಾಡಿದವನು ನಾನು. ಅದನ್ನು ಕೊಡಲು ಮೆಟ್ರೊದ ಹಳದಿ ಮಾರ್ಗದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋದೆ. ಸ್ವಾಗತದ ಮೇಜಿನಲ್ಲಿ ಸಹಿ ಹಾಕಿಸಿಕೊಂಡು ಕಳುಹಿಸಿದರು, ಅಷ್ಟೇ. ವಾಪಸ್ಸು ಬರುವಾಗ ಹೊಸ ರೋಡ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದು ಬೇಗೂರಿಗೆ ಹೋದೆ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಶಿಲಾಶಾಸನ ಇದೆ, ಕ್ರಿ.ಶ. 890ರ ಸುಮಾರಿನದು. ಬೆಂಗಳೂರು ಎಂಬ ಹೆಸರು ಸಿಗುವ ಅತ್ಯಂತ ಹಳೆಯ ಬರಹ ಅದೇ ಎನ್ನುತ್ತಾರೆ. ಹಳಗನ್ನಡ ನನಗೆ ಓದಲು ಬರುವುದಿಲ್ಲ. ಅದರ ತಾತ್ಪರ್ಯ ಇಷ್ಟು: ಬೆಂಗಳೂರಿನ ಕಾಳಗದಲ್ಲಿ ನಾಗತ್ತರ ಎಂಬವನ ಕಡೆಯವನೊಬ್ಬ ಸತ್ತ. ಎಲ್ಲಿ, ಯಾರ ಕಡೆಯವನು, ಏನಾಯಿತು, ಎಲ್ಲವೂ ಕೆಲವೇ ಪದಗಳಲ್ಲಿ ಇದೆ. ಅಕ್ಷರ ಕೊರೆದ ಕಲ್ಲುಕುಟಿಗನ ಕೈ ಅಷ್ಟೇನೂ ನಾಜೂಕಿನದಲ್ಲ, ಸಾಲು ಸೊಟ್ಟ. ಡಯಲ್ ವಿಭಾಗದಲ್ಲಿ ಪಾಸಾಗುತ್ತಿರಲಿಲ್ಲ. ಆದರೆ ಅವನಿಗೆ ಪಠ್ಯ ಕೊಟ್ಟವರು ಸರಿಯಾಗಿ ಕೊಟ್ಟಿದ್ದರು. ಆ ಗಾಜಿನ ಟ್ರೋಫಿ ಇಟ್ಟು ಬಂದ ಮೇಜಿಗೂ ಈ ಕಲ್ಲಿಗೂ ನಡುವೆ ಕೆಲವೇ ಕಿಲೋಮೀಟರು.

ಆದ್ದರಿಂದ ಪ್ರಶಸ್ತಿ ಕೊಡುವ ಸಂಸ್ಥೆಗಳವರಿಗೆ, ಅವರ ಪರವಾಗಿ ಆರ್ಡರ್ ತರುವ ಮಕ್ಕಳಿಗೆ ನನ್ನ ಕೋರಿಕೆ ಇಷ್ಟೇ. ಹುದ್ದೆಯ ಎರಡು ಸಾಲನ್ನು ತೆಗೆಯಿರಿ. ಹುದ್ದೆ ಅವರ ವಿಸಿಟಿಂಗ್ ಕಾರ್ಡಿನಲ್ಲಿರುತ್ತದೆ, ಬಾಗಿಲ ಮೇಲಿರುತ್ತದೆ, ಮುಂದಿನ ವರ್ಷ ಬದಲಾಗಿಯೂ ಇರುತ್ತದೆ. ಬದಲಾದ ಮೇಲೆ ತಗಡು ಕಿತ್ತು ಹೊಸದು ಹಾಕಿಸಿಕೊಂಡವರು ನನ್ನ ಅಂಗಡಿಯಲ್ಲೇ ಇದ್ದಾರೆ. ಹಾಗೆ ಖಾಲಿಯಾಗುವ ಎರಡು ಸಾಲು ಮತ್ತು ಐದನೆಯ ಸಾಲು ಸೇರಿ ಮೂರಾಯಿತು. ಅದರಲ್ಲಿ ಯಾವ ವರ್ಷ, ಯಾವುದನ್ನು ಮಾಡಿದರು, ಅದರಿಂದ ಯಾರಿಗೆ ಏನು ಸುಲಭವಾಯಿತು ಎಂದು ಬರೆಸಿ. ಜೊತೆಗೆ ಕೆಲಸ ಮಾಡಿದವರ ಹೆಸರು ಹಾಕುವಷ್ಟು ಜಾಗ ಹಿಂಬದಿಯಲ್ಲಿದೆ. ಎಡದಿಂದ ಐದನೆಯವರು ಹಿಡಿದಂತೆ ಹಿಡಿದರೆ ಅದು ಚಿತ್ರದಲ್ಲಿ ಕಾಣಿಸುತ್ತದೆ ಕೂಡ.

ಹೆಚ್ಚಿನ ಅಕ್ಷರಗಳಿಗೆ ನಾನು ಹಣ ತೆಗೆದುಕೊಳ್ಳುವುದಿಲ್ಲ. ಕನ್ನಡದಲ್ಲಿ ಬರೆಸುವವರು ಪಠ್ಯವನ್ನು ಮೂರು ದಿನ ಮುಂಚಿತವಾಗಿ ಕಳುಹಿಸಬೇಕು. ನುಡಿಯಲ್ಲಿ ಮತ್ತೆ ಬೆರಳಚ್ಚು ಮಾಡಿಕೊಂಡು ಒತ್ತಕ್ಷರ ಒಂದೊಂದನ್ನೂ ನೋಡಬೇಕಾಗುತ್ತದೆ. ಕೆಳಗಿನ ತಗಡನ್ನು ಈಗ ನಾನೇ ಅಂಟಿಸುತ್ತೇನೆ.

ಇಂತಿ,
ಒಬ್ಬ ಕೆತ್ತನೆಗಾರ
ನಗರ್ತಪೇಟೆ, ಬೆಂಗಳೂರು

ವಿ.ಸೂ.: ಪತ್ರ ಅಚ್ಚಾಗುವುದಾದರೆ ದಯವಿಟ್ಟು ನನ್ನ ಹೆಸರು ಹಾಕಬೇಡಿ. ಡಿಸೆಂಬರಿಗೆ ಇಂಥವೇ ಮೂರು ಆರ್ಡರುಗಳು ಬಾಕಿ ಇವೆ.